ಚೌಧರಿ ಅಂಕಲ್‌ಗೆ ಶಾಲು ಹೊದಿಸಿದ ಯುಗಾದಿ

ಹೋದ ತಿಂಗಳು ಮಗಳ ಸಾಕರ್ ಟೀಮಿನವರು ಪ್ಯಾನ್‌ಕೇಕ್ ಬ್ರೇಕ್‌ಫಾಸ್ಟ್ ಇಟ್ಟುಕೊಂಡಿದ್ದರು. ಬೆಳಿಗ್ಗೆ ಎಂಟಕ್ಕೆ, ಅದೂ ಭಾನುವಾರ! ಗೊಣಗಿಕೊಂಡೇ ಕ್ರ್ಯಾನ್‌ಬರಿ ಕಡೆಯ, ಅಗ್ನಿಶಾಮಕ ದಳದವರು ಬಾಡಿಗೆಗೆ ಕೊಡುವ ಆ ಫೈರ್‌ಹೌಸ್ ಹಾಲಿನ ಬಾಗಿಲು ತಳ್ಳಿದೆ. ನೆಲಕ್ಕೆ ಹಾಕಿದ ಪಾಲಿಶ್, ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಕುದಿದೂ ಕುದಿದೂ ಕಹಿಯಾದ ಕಾಫಿ, ಒದ್ದೆ ಕೋಟುಗಳು, ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಡಿಯಿತು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. "ಅಮ್ಮಾ, ಯು ಆರ್ ಬ್ಲಾಕಿಂಗ್ ದ ಡೋರ್" ಅಂತ ಮಗಳು ಬೆನ್ನಿಗೆ ತಿವಿದಳು. ಅವಳಿಗೇನು ಗೊತ್ತು? ಎರಡು ಸಾವಿರದ ಎಂಟರ ಕೊನೆಯಿಂದ ಒಂಬತ್ತರ ಯುಗಾದಿಯವರೆಗಿನ ಒಂದು ಇಡೀ ಚಳಿಗಾಲ ಆ ವಾಸನೆಯ ಜೊತೆ ನನ್ನೊಳಗೆ ನುಗ್ಗಿ ಬಂದಿತ್ತು.

ಆ ಚಳಿಗಾಲ ಶುರುವಾದದ್ದು ನನ್ನ ಕೆಲಸ ಹೋಗುವುದರಿಂದ. ಮಾರಿಸ್‌ಟೌನಿನ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಹನ್ನೊಂದು ವರ್ಷ ದುಡಿದಿದ್ದೆ. ಅಕ್ಟೋಬರಿನ ಒಂದು ಮಂಗಳವಾರ ಎಚ್.ಆರ್. ವಿಭಾಗದ ಹುಡುಗಿ ಕರೆದು ಕೂರಿಸಿ, ಮಾತಿಗೆ ಮೊದಲೇ ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. ಅದನ್ನು ನೋಡಿದ ಕೂಡಲೇ ವಿಷಯ ಗೊತ್ತಾಯಿತು. ಅಳು ಬರಲಿಲ್ಲ. ಡಬ್ಬಿಯನ್ನು ಅವಳ ಕಡೆಗೇ ವಾಪಸ್ ತಳ್ಳಿದೆ, ಯಾಕೆಂದರೆ ಪಾಪ, ಅವಳೇ ಅಳುವ ಹಾಗಿದ್ದಳು. ಮನೆಗೆ ಬಂದು ಬಿಸಿಬೇಳೆಬಾತ್ ಮಾಡಲು ನಿಂತೆ. ಗಂಡ ಗಿರೀಶ ಮ್ಯಾನ್‌ಹ್ಯಾಟನ್‌ನಿಂದ ಬಸ್ಸಿನಲ್ಲಿ ಕಮ್ಯೂಟ್ ಮಾಡಿ ಸುಸ್ತಾಗಿ ಬಂದವರು, ಸುದ್ದಿ ಕೇಳಿ ಗಾಬರಿಯಾಗಿ, "ನಿಂಗೆ ಅಳು ಬರ್ತಿಲ್ವಾ ವಸು?" ಅಂದರು. "ಹುಣಸೇಹಣ್ಣು ನೆನೆಸಿದೀನಿ, ಕಿವುಚಿ ಆದ್ಮೇಲೆ ಅಳ್ತೀನಿ" ಅಂದೆ. ಆಮೇಲೆ ಮರೆತುಹೋಯಿತು.

ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ. ಆ ಚಳಿಗಾಲ ನಾನು ಸುಖವಾಗಿದ್ದೆ. ಸುತ್ತ ಎಲ್ಲರೂ ಮನೆ ಹೋಯಿತು, ಷೇರು ಮುಳುಗಿತು, ವೀಸಾ ಏನಾಗುತ್ತದೋ ಅಂತ ಕೈಕೈ ಹಿಸುಕಿಕೊಳ್ಳುತ್ತಿದ್ದರೆ ನಾನು ಹನ್ನೊಂದು ವರ್ಷದ ಮೇಲೆ ಮೊದಲ ಸಲ ಬೆಳಗಿನ ಬಿಸಿಲು ಅಡುಗೆಮನೆಯ ಯಾವ ಗೋಡೆಗೆ ಬೀಳುತ್ತದೆ ಅಂತ ನೋಡಿದೆ. ಗಿರೀಶರ ಕೆಲಸ ಉಳಿದಿತ್ತು, ಅದೊಂದು ಪುಣ್ಯ.

ಖಾಲಿ ಕೂತವಳನ್ನು ಯಾರಾದರೂ ಬಿಡುತ್ತಾರೆಯೇ? ನಮ್ಮ ಕಡೆಯ ಪುಟ್ಟ ಕನ್ನಡ ಬಳಗಕ್ಕೆ ಆಗ ಶೆಟ್ಟರು ಪ್ರೆಸಿಡೆಂಟ್. ಕುಂದಾಪುರ ಕಡೆಯವರು, ರೂಟ್ ಒನ್ ಹೆದ್ದಾರಿಯ ಪಕ್ಕದಲ್ಲಿ ದೋಸೆ ಹೋಟೆಲ್ ಇಟ್ಟವರು, ಮಾತು ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಫೋನ್ ಮಾಡಿದರು. "ವಸುಧಾ, ಕೆಲಸ ಹೋಯ್ತಂತೆ? ಬೇಜಾರು ಮಾಡ್ಬೇಡಿ. ನನ್ನ ಹತ್ರ ಕೆಲಸ ಉಂಟು. ಸಂಬಳ ಇಲ್ಲ, ಅಷ್ಟೇ." ಹೀಗೆ ನಾನು ಬಳಗದ ಸೆಕ್ರೆಟರಿಯಾದೆ.

ಆ ವರ್ಷ ಬಳಗಕ್ಕೂ ಕಷ್ಟವೇ. ಸ್ಪಾನ್ಸರುಗಳು ಒಬ್ಬೊಬ್ಬರಾಗಿ ಫೋನ್ ಎತ್ತುವುದನ್ನೇ ಬಿಟ್ಟರು. ಹೈಸ್ಕೂಲ್ ಆಡಿಟೋರಿಯಂ ಕೈಬಿಟ್ಟು ಫೈರ್‌ಹೌಸ್ ಹಾಲ್ ಹಿಡಿದೆವು. ಇಂಡಿಯಾದಿಂದ ಗಾಯಕರನ್ನು ಕರೆಸುವ ಮಾತಂತೂ ಯಾರೂ ಎತ್ತಲಿಲ್ಲ. ಶೆಟ್ಟರ ಹೋಟೆಲಿನ ಬೇಸ್‌ಮೆಂಟಿನಲ್ಲಿ, ಅಕ್ಕಿ ಮೂಟೆಗಳ ನಡುವೆ ಕಮಿಟಿ ಮೀಟಿಂಗ್. "ಈ ಸಲ ನಮ್ಮೂರಲ್ಲೇ ಇರುವ ಒಬ್ಬ ಹಿರಿಯರಿಗೆ ಸನ್ಮಾನ ಮಾಡುವ. ಪೇಟ, ಶಾಲು, ಹಣ್ಣಿನ ಬುಟ್ಟಿ. ಬುಟ್ಟಿ ನಂದೇ" ಅಂದರು ಶೆಟ್ಟರು. ಒಪ್ಪಿಗೆಯೇನೋ ಆಯಿತು. ಯಾರಿಗೆ ಅನ್ನುವಲ್ಲಿ ಶುರುವಾಯಿತು ನೋಡಿ ರಾಮಾಯಣ! ಒಬ್ಬರು ತಮ್ಮ ಮಾವನ ಹೆಸರು ಹೇಳಿದರು, ಇನ್ನೊಬ್ಬರು ತಮ್ಮ ಅತ್ತೆಯದು, ಮೂರನೆಯವರು ಕೆಮ್ಮಿ ಕೆಮ್ಮಿ ತಮ್ಮದೇ ಸೂಚಿಸಿಕೊಂಡರು. "ನೀವೇ ಹುಡುಕಿ ವಸುಧಾ, ಯಾರ ಸಂಬಂಧಿಕರೂ ಅಲ್ಲದವರನ್ನು" ಅಂತ ಶೆಟ್ಟರು ನನ್ನ ತಲೆಗೆ ಕಟ್ಟಿದರು.

ಜನವರಿಯಲ್ಲಿ ಲೈಬ್ರರಿಯಲ್ಲಿ ಕೆಲಸ ಕಳೆದುಕೊಂಡವರಿಗೆ ರೆಸ್ಯುಮೆ ತಿದ್ದಿಕೊಡುತ್ತಿದ್ದರು. ಹೋಗಿದ್ದೆ. ಹೊರಗೆ ಮೊಣಕಾಲುದ್ದ ಸ್ನೋ. ಹೀಟರಿನ ಪಕ್ಕದ ಕುರ್ಚಿಯಲ್ಲಿ ಮಂಕಿ ಕ್ಯಾಪ್ ಹಾಕಿದ ಒಬ್ಬ ತೆಳ್ಳನೆಯ ಮುದುಕರು ದೊಡ್ಡ ಅಟ್ಲಾಸ್ ಒಂದನ್ನು ತೊಡೆಯ ಮೇಲೆ ಹರಡಿಕೊಂಡಿದ್ದರು. ನಾನು ಫೋನಿನಲ್ಲಿ ಗಿರೀಶರನ್ನು ಪಿಸುದನಿಯಲ್ಲೇ ಬೈಯುತ್ತಿದ್ದೆ, ಗರಾಜಿನ ಬಾಗಿಲು ತೆರೆದಿಟ್ಟು ಹೋಗಿದ್ದರಲ್ಲ, ಅದಕ್ಕೆ. ಫೋನಿಟ್ಟ ಮೇಲೆ ಮುದುಕರು ತಲೆಯೆತ್ತಿದರು.

"ಯಾವೂರ ತಂಗೆವ್ವಾ? ಬೈಗಳ ಮೈಸೂರು ಕಡೇವು ಕಾಣಸ್ತಾವು."

ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಹೆಸರು ಕೇಳಿದೆ. ಶಿವಪ್ಪ ಚೌಧರಿ ಅಂದರು. ಹುಬ್ಬಳ್ಳಿಯಲ್ಲಿ ಮೂವತ್ತೈದು ವರ್ಷ ರೈಲ್ವೆ ಫಿಟರ್ ಆಗಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿ ಡಾಕ್ಟರಾಗಿರುವ ಮಗಳು ಶೈಲಾಳ ಮನೆಗೆ ಬಂದು ಐದು ವರ್ಷ.

"ಚೌಧರಿ ಅಂದ್ರೆ ನಾರ್ತ್ ಇಂಡಿಯನ್ ಅಲ್ವಾ ಅಂಕಲ್?"

"ಉತ್ತರಾನೂ ಅಲ್ಲ, ದಕ್ಷಿಣಾನೂ ಅಲ್ಲವಾ. ನಾ ನಡುಗಡ್ಡಿಯಾಂವ." ಅಟ್ಲಾಸಿನ ನೀಲಿಯಲ್ಲಿ ಮೆಣಸಿನ ಕಾಳು ಚೆಲ್ಲಿದ ಹಾಗಿದ್ದ ಚುಕ್ಕೆಗಳ ಮೇಲೆ ಬೆರಳಿಟ್ಟರು. "ಅಂಡಮಾನ. ಹುಟ್ಟಿದ್ದು ಅಲ್ಲೆ. ನಮ್ಮಜ್ಜ ಧಾರವಾಡ ಕಡೆಯಿಂದ ಹೋದಾಂವ. ಯುದ್ಧದಾಗ ಜಪಾನಿ ಮಂದಿ ಬಂದು ನಮ್ಮನ್ನ ಹಿಡಕೊಂಡ್ರು. ಮೂರು ವರ್ಷಕ್ಕೂ ಜಾಸ್ತಿ ಅವರದ ರಾಜ್ಯ. ನಮ್ಮಪ್ಪನ್ನ ಬಡದ್ರು ನೋಡು, ಕಾಲು ಮತ್ತ ನೆಟ್ಟಗಾಗಲೇ ಇಲ್ಲ."

ಅಷ್ಟರಲ್ಲಿ ಮಗಳ ಕಾರು ಬಂತು. ಅವರು ಎದ್ದು ಹೋದರು. ಅವರು ಹೇಳಿದ್ದು ಇಷ್ಟೇ. ಉಳಿದದ್ದನ್ನೆಲ್ಲ ನಾನು ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಗಾಜಿನ ಐಸ್ ಕೆರೆಯುತ್ತಾ ನನ್ನ ತಲೆಯಲ್ಲೇ ಬರೆದುಕೊಂಡೆ. ನಮ್ಮವರಿಗೆ ಅಂಡಮಾನ್ ಅಂದರೆ ಒಂದೇ. ಕರಿನೀರು, ಕತ್ತಲೆ ಕೋಣೆ, ಸರಪಳಿ, ದೇಶಭಕ್ತರು. ಹೊಲದ ಬದುವಿನ ಜಗಳದಲ್ಲಿ ಕೊಲೆ ಮಾಡಿ ಹೋದವರೂ, ದರೋಡೆ ಮಾಡಿ ಹೋದವರೂ ಶಿಕ್ಷೆ ಮುಗಿಸಿ ಅಲ್ಲೇ ಮದುವೆಯಾಗಿ, ಗದ್ದೆ ಮಾಡಿ, ಮಕ್ಕಳು ಮೊಮ್ಮಕ್ಕಳನ್ನು ಕಂಡರು ಅನ್ನುವುದು ನನಗೆ ಹೊಳೆಯಲೇ ಇಲ್ಲ. ಅಂಡಮಾನಿನಲ್ಲಿ ಹುಟ್ಟಿದವರು, ತಂದೆಗೆ ಏಟು ಬಿದ್ದಿದೆ. ಇನ್ನೇನು ಬೇಕು?

ಮನೆಗೆ ಬಂದವಳೇ ಫ್ಲೈಯರ್ ಮಾಡಿದೆ. "ಅಂಡಮಾನಿನ ವೀರ ಸ್ವಾತಂತ್ರ್ಯ ಹೋರಾಟಗಾರರ ಸುಪುತ್ರ ಶ್ರೀ ಶಿವಪ್ಪ ಚೌಧರಿಯವರಿಗೆ ಯುಗಾದಿ ಸನ್ಮಾನ." ವೀರ ಅನ್ನುವುದು ನನ್ನ ಸ್ವಂತ ಉಡುಗೊರೆ. ಶೈಲಾಗೆ ಫೋನ್ ಮಾಡಿ ಸನ್ಮಾನಕ್ಕೆ ಒಪ್ಪಿಗೆ ಪಡೆದೆ, ಅಪ್ಪನಿಗೂ ಹೇಳುತ್ತೇನೆ ಅಂದಳು. ಆದರೆ ಬರೆದದ್ದನ್ನು ಅವರಿಗೆ ಒಂದು ಸಲ ತೋರಿಸಬೇಕು ಅನ್ನುವ ಬುದ್ಧಿ ಬರಲಿಲ್ಲ. ಬಳಗದ ಎಲ್ಲ ಮನೆಗಳಿಗೂ ಇಮೇಲ್ ಹೋಯಿತು. ಸಂಜೆಯೊಳಗೆ "ವಾವ್", "ಹೆಮ್ಮೆ", "ನಮ್ಮ ನಡುವೆಯೇ ಇದ್ದರೂ ಗೊತ್ತಿರಲಿಲ್ಲ" ಅಂತ ಉತ್ತರಗಳು ಬಂದು ಬಿದ್ದವು. ಹನ್ನೊಂದು ವರ್ಷ ಆಫೀಸಿನಲ್ಲಿ ಯಾರೂ ನನ್ನನ್ನು ಅಷ್ಟು ಹೊಗಳಿರಲಿಲ್ಲ. ಬೀಗಿದೆ.

ಮೂರನೆಯ ದಿನ ಅಂಕಲ್ ಫೋನ್ ಮಾಡಿದರು. "ಒಂದು ಸಲ ಮನೀಗೆ ಬಂದು ಹೋಗು ತಂಗೆವ್ವಾ. ಶೈಲಾ ಡ್ಯೂಟಿಗೆ ಹೋದ ಮ್ಯಾಲೆ ಬಾ."

ಹೋದೆ. ಅಡುಗೆಮನೆಯಲ್ಲಿ ಅವರೇ ಚಹಾ ಮಾಡಿದರು, ಶುಂಠಿ ಜಜ್ಜಿ. ನನ್ನ ಫ್ಲೈಯರು ಟೇಬಲ್ಲಿನ ಮೇಲಿತ್ತು.

"ಚಂದ ಬರದೀ. ಆದ್ರ ನಮ್ಮಪ್ಪ ಹೋರಾಟಗಾರ ಅಲ್ಲ."

"ಜಪಾನಿಯರು ಹೊಡೆದರು ಅಂದ್ರಲ್ಲ ಅಂಕಲ್?"

"ಬಡದ್ರು. ಅದು ಕಡೀಗೆ. ಅದಕ್ಕ ಮೊದಲ ಎರಡು ವರ್ಷ ನಮ್ಮಪ್ಪ ಅವರ ಮುಂದ ಸೊಂಟ ಬಗ್ಗಿಸಿ ನಿಂತಾಂವ. ಊರ ಚೌಧರಿ ಅವ. ನಿಮ್ಮ ಕಡೆ ಪಟೇಲ ಅಂತೀರಲ್ಲ, ಹಂಗ. ಬ್ರಿಟಿಷರು ಮಾಡಿದ ಚೌಧರಿ. ಅವರು ಹಡಗ ಹತ್ತಿ ಹೋದ್ರು, ಇವರು ಬಂದ್ರು. ಇವರಿಗೂ ಒಬ್ಬ ಚೌಧರಿ ಬೇಕಾಗಿದ್ದ. ಅದ ಮನುಷ್ಯಾ, ಅದ ಬಡಿಗಿ."

ನಮ್ಮ ತಾತನೂ ಪಟೇಲರೇ. ಎದುರಿಗೆ ಬಂದರೆ ಊರೇ ಎದ್ದು ನಿಲ್ಲುತ್ತಿತ್ತು, ಹಿಂದಿನಿಂದ ಅದೇ ಊರು ಏನೇನು ಅನ್ನುತ್ತಿತ್ತು ಅನ್ನುವುದೂ ನಮ್ಮ ಮನೆಯ ಹೆಂಗಸರಿಗೆ ಗೊತ್ತಿತ್ತು. ಆದರೆ ನಮ್ಮ ತಾತ ಕಂದಾಯ ಎತ್ತಿದರು, ಅಷ್ಟೇ. ಜಪಾನಿಯರು ಅಂಕಲ್‌ರ ತಂದೆ ಚೌಧರಿಯ ಹತ್ತಿರ ಕೇಳಿದ್ದು ಕಂದಾಯವನ್ನಲ್ಲ, ಆಳುಗಳನ್ನು. ವಿಮಾನ ಇಳಿಯುವ ನೆಲ ಮಟ್ಟಸ ಮಾಡಬೇಕು, ಕಲ್ಲು ಹೊರಬೇಕು, ವಾರಕ್ಕೆ ಹತ್ತು ಗಂಡಸರನ್ನು ಕಳಿಸು. ಜೊತೆಗೆ ಮೊಟ್ಟೆ, ಕೋಳಿ, ಕುಂಬಳಕಾಯಿ. ಹಡಗು ಬರುವುದು ನಿಂತು ಅಕ್ಕಿ ಮುಗಿದಿತ್ತು. ಊರವರು ಗೆಣಸು, ಮರಗೆಣಸು ತಿಂದು ಬದುಕುತ್ತಿದ್ದರು.

ಚೌಧರಿಗೆ ಯಾರ ಮನೆ ಮುಂದೆ ನಿಂತೂ ಹೆಸರು ಕೂಗುವ ಬಾಯಿ ಬರಲಿಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡರು. ತೆಂಗಿನ ಗರಿಯ ಒಂದು ಎಲೆ ಹರಿದು, ಗಂಟು ಹಾಕಿ, ಸಂಜೆ ಆ ಮನೆಯ ಬಾಗಿಲ ಸಂದಿಗೆ ಸಿಕ್ಕಿಸುವುದು. ಬೆಳಿಗ್ಗೆ ಎಲೆ ಕಂಡ ಮನೆಯಿಂದ ಒಬ್ಬ ಗಂಡಸು ಹೊರಡಬೇಕು. ಮನೆಯಿಂದ ಮನೆಗೆ ಸರದಿ. ಒಂದು ಮನೆ ತಪ್ಪುವ ಹಾಗಿಲ್ಲ, ಒಂದು ಮನೆಗೆ ಎರಡು ಸಲ ಬರುವ ಹಾಗಿಲ್ಲ. ಊರು ಬೈದರೂ ಅದನ್ನು ಒಪ್ಪಿತ್ತು, ಯಾಕೆಂದರೆ ಮೊದಲ ವಾರದ ಮೊದಲ ಎಲೆ ಚೌಧರಿಯ ಸ್ವಂತ ತಮ್ಮನ ಬಾಗಿಲಿಗೇ ಹೋಗಿತ್ತು.

"ಎಲಿ ಸಿಗಸಾಂವ ಯಾರು? ನಾ. ಹದಿನಾರು ವರ್ಷದಾಂವ ಆಗ" ಅಂದರು ಅಂಕಲ್. "ಸಾಲಿ ಕಲತಾಂವ, ಹೆಸರು ಬರಿಯಾಂವ, ಎಲಿ ಸಿಗಸಾಂವ. ನಮ್ಮಪ್ಪ ಚೌಧರಿ, ಊರ ಬಿಡೂ ಹಂಗಿಲ್ಲ, ಹಂಗಾಗಿ ನಮ್ಮ ಮನೀ ಸರದಿ ಬಂದಾಗ ನಾ ಹೋಗಬೇಕಾಗಿತ್ತು. ಅವತ್ತ ನಮ್ಮಪ್ಪ ನನ್ನ ಮಾರಿ ನೋಡಿದ. ನೋಡಿ, 'ಈ ಸಲ ಬಾಜೂ ಮನೀಗೆ ಸಿಗಸು' ಅಂದ."

ಪಕ್ಕದ ಮನೆ ಲಕ್ಷ್ಮಣನದು. ಇವರದೇ ವಯಸ್ಸು. ಜೊತೆಯಲ್ಲಿ ಈಜಿದವನು, ಒಂದೇ ಗಾಳದಲ್ಲಿ ಮೀನು ಹಿಡಿದವನು. ಇವರು ಹೋಗಿ ಎಲೆ ಸಿಕ್ಕಿಸಿದರು. ಲಕ್ಷ್ಮಣ ಬೆಳಿಗ್ಗೆ ಹೋದ. ಆ ವಾರ ಬ್ರಿಟಿಷರ ಕಡೆಯ ವಿಮಾನಗಳು ಬಂದು ಬಾಂಬು ಹಾಕಿದವು. ಒಂಬತ್ತು ಜನ ವಾಪಸ್ ಬಂದರು.

ಮುಂದಿನ ವಾರ ಚೌಧರಿ ಎಲೆ ಹರಿಯಲಿಲ್ಲ. ಒಬ್ಬರೇ ಹೋಗಿ ಜಪಾನಿ ಅಧಿಕಾರಿಯ ಮುಂದೆ ಬಗ್ಗಿ, ನಮ್ಮೂರಲ್ಲಿ ಇನ್ನು ಆಳಿಲ್ಲ ಅಂದರಂತೆ. ಕಾಲು ಮುರಿದದ್ದು ಆಗ. ಯುದ್ಧ ಮುಗಿದು ಬ್ರಿಟಿಷರು ಬಂದು ವಿಚಾರಣೆ ಮಾಡಿದರು, ಚೌಧರಿಕೆ ಕಿತ್ತುಕೊಂಡರು, ಬಿಟ್ಟರು. ಲಕ್ಷ್ಮಣನ ತಾಯಿ ಮಾತ್ರ ಸಾಯುವವರೆಗೆ ಇವರ ಬಾವಿಯ ನೀರು ಮುಟ್ಟಲಿಲ್ಲ. ಒಂದು ಹರದಾರಿ ನಡೆದು ಬೇರೆ ಬಾವಿಯಿಂದ ಹೊತ್ತು ತಂದಳು. ಅದನ್ನು ನೋಡಲಾರದೆ ಇವರು ಹತ್ತೊಂಬತ್ತನೇ ವಯಸ್ಸಿಗೆ ಮದ್ರಾಸಿನ ಹಡಗು ಹತ್ತಿ, ಅಜ್ಜನ ಸೀಮೆ ಹುಡುಕಿಕೊಂಡು ಹುಬ್ಬಳ್ಳಿಗೆ ಬಂದರು.

ಚಹಾ ಆರಿ ಕೆನೆಗಟ್ಟಿತ್ತು. ಇಬ್ಬರೂ ಕುಡಿದಿರಲಿಲ್ಲ.

"ನನ್ನ ಹೇಣ್ತೀಗೂ ಇದನ್ನ ಹೇಳಿದಾಂವಲ್ಲ" ಅಂದರು.

"ಹಾಗಾದ್ರೆ ಸನ್ಮಾನ ಬೇಡ ಅನ್ನಿ ಅಂಕಲ್. ಕ್ಯಾನ್ಸಲ್ ಮಾಡಿಬಿಡ್ತೀನಿ. ತಪ್ಪು ನಂದು."

ಅವರು ಕಿಟಕಿಯ ಕಡೆ ನೋಡಿದರು. "ಅದ ತ್ರಾಸ ಆಗ್ಯದ. ಮೀರಾ ಅದಾಳಲ್ಲ." ಮೀರಾ ಮೊಮ್ಮಗಳು, ಹದಿಮೂರು ವರ್ಷ. "ಐದು ವರ್ಷ ಒಂದ ಮನ್ಯಾಗ ಇದ್ದೀವಿ. ಹಾಯ್ ಅಜ್ಜಾ, ಬೈ ಅಜ್ಜಾ, ಮುಗೀತು. ನಿನ್ನ ಈ ಕಾಗದ ಬಂದಾಗಿಂದ ದಿನಾ ಸಾಲಿ ಬಿಟ್ಟು ಬಂದು ನನ್ನ ಬಾಜೂ ಕೂಡತಾಳ. ಸಾಲ್ಯಾಗ ಏನೋ ಪ್ರಾಜೆಕ್ಟ್ ಅಂತ. ಮುತ್ತಜ್ಜ ಫ್ರೀಡಂ ಫೈಟರ್ ಅಂತ ಟೀಚರಿಗೆ ಹೇಳ್ಯಾಳ. ಖರೇ ಹೇಳಿದ್ರ ಎದ್ದು ಹೋಗತಾಳ, ತಂಗೆವ್ವಾ. ಸುಳ್ಳ ಹೊತಗೊಂಡು ಕೂತ್ರ..."

ವಾಪಸ್ ಡ್ರೈವ್ ಮಾಡುವಾಗ ನನ್ನನ್ನೇ ನಾನು ಬೈದುಕೊಂಡ ಬೈಗುಳ ಗಿರೀಶರಿಗೂ ಎಂದೂ ಬೈದಿಲ್ಲ. ಎಂಬತ್ತೆರಡು ವರ್ಷದ ಜೀವ ಮುಚ್ಚಿಟ್ಟುಕೊಂಡಿದ್ದ ಗಾಯಕ್ಕೆ ನಾನು ಜರಿ ಅಂಚು ಹಚ್ಚಿ ಊರಿಗೆಲ್ಲ ಹಂಚಿದ್ದೆ. ಆದರೂ ಸತ್ಯ ಹೇಳುತ್ತೇನೆ, ಮನಸ್ಸಿನ ಒಂದು ಮೂಲೆಯಲ್ಲಿ ಅವರು ಸುಮ್ಮನೆ ಶಾಲು ಹೊದಿಸಿಕೊಂಡು ಮನೆಗೆ ಹೋಗಲಿ ಅಂತಲೂ ಅನ್ನಿಸಿತ್ತು. ನನ್ನ ಮರ್ಯಾದೆ ಉಳಿಯುತ್ತಿತ್ತಲ್ಲ.

ಅಂಕಲ್‌ರನ್ನು ಕೇಳಿಕೊಂಡೇ ಶೆಟ್ಟರಿಗೆ ಹೇಳಿದೆ, ತಂದೆ ಹೋರಾಟಗಾರರಲ್ಲ, ಜಪಾನಿಯರ ಕೈಕೆಳಗಿದ್ದ ಊರ ಮುಖಂಡರು, ಅಂತ ಮಾತ್ರ. ಲಕ್ಷ್ಮಣನ ವಿಷಯ ಹೇಳಲಿಲ್ಲ. ಶೆಟ್ಟರು ಕಾವಲಿಯ ಮೇಲೆ ನೀರು ಚಿಮುಕಿಸುತ್ತಾ ನಿಂತವರು ಹಾಗೇ ನಿಂತರು.

"ಎಂತ ಮಾರಾಯ್ರೇ ಇದು! ಟೌನ್‌ಶಿಪ್ಪಿನ ಮೇಯರಿಗೂ ಹೇಳಿ ಆಯ್ತಲ್ಲ. ಈಗ ಫ್ಲೈಯರ್ ತಪ್ಪು ಅಂತ ಹೇಳ್ಲಿಕ್ಕೆ ಆಗ್ತದಾ? ಸುಮ್ಮನೆ ಹೊದಿಸಿ ಬಿಡುವ. ಯಾರಿಗೆ ಗೊತ್ತಾಗ್ತದೆ?"

"ಅವರಿಗೆ ಗೊತ್ತಲ್ಲ ಶೆಟ್ರೇ."

ಶೆಟ್ಟರು ದೋಸೆ ಹುಯ್ದರು, ತಿರುವಿ ಹಾಕಿದರು, ನನ್ನ ತಟ್ಟೆಗೆ ಇಟ್ಟರು. "ತಿನ್ನಿ ಮೊದ್ಲು. ಆಮೇಲೆ ಅವರು ಹೇಳಿದ ಹಾಗೆ ಮಾಡುವ. ಅವರದ್ದಲ್ವಾ ಅಪ್ಪ" ಅಂದರು. ಆ ಮನುಷ್ಯನ ಮೇಲೆ ನನಗೆ ಅವತ್ತು ಬಂದ ಗೌರವ ಇವತ್ತಿಗೂ ಇಳಿದಿಲ್ಲ.

ಶೈಲಾಗೆ ತಂದೆ ಅಷ್ಟನ್ನೇ ಹೇಳಿದರಂತೆ. ಅವಳು ಆಸ್ಪತ್ರೆಯಿಂದಲೇ ಫೋನ್ ಮಾಡಿ ಅತ್ತಳು. "ಆಂಟೀಸ್ ಅಂಕಲ್ಸ್ ಎಲ್ಲ ಕಂಗ್ರಾಚುಲೇಟ್ ಮಾಡ್ತಿದಾರೆ ವಸುಧಾ. ಮೀರಾ ಅಂತೂ ಸೋ ಪ್ರೌಡ್. ಅಪ್ಪ ಸುಮ್ನಿದ್ರೆ ಆಗಲ್ವಾ?" ಅವಳದೇನೂ ತಪ್ಪಿಲ್ಲ. ಮಗಳ ಮುಖ ನೋಡುವ ತಾಯಿ ಇನ್ನೇನು ಕೇಳುತ್ತಾಳೆ? ಅಂಕಲ್ ಮಾತ್ರ ನನಗೆ ಫೋನಿನಲ್ಲಿ, "ಬರ್ತೇನಿ. ಅಲ್ಲೇ ನೋಡೂಣು" ಅಂದರು. ಫೆಬ್ರವರಿ ಪೂರ್ತಿ ಅದೇ ಮಾತು. ಶೈಲಾ ಹೇಳುತ್ತಿದ್ದಳು, ಮೀರಾ ದಿನಾ ಪಕ್ಕದಲ್ಲಿ ಕೂತು ಕೇಳುತ್ತಾಳಂತೆ, ಇವರು ದಿನಾ ಸಮುದ್ರದ ಕಥೆ, ಆಮೆಯ ಕಥೆ, ಮಳೆಯ ಕಥೆ ಹೇಳಿ ಜಾರಿಕೊಳ್ಳುತ್ತಾರಂತೆ.

ಯುಗಾದಿ ಬಂತು. ನಮ್ಮ ಯುಗಾದಿ ಯಾವತ್ತೂ ಪಂಚಾಂಗದ ದಿನ ಬರುವುದಿಲ್ಲ, ಅದರ ನಂತರದ ಶನಿವಾರ ಬರುತ್ತದೆ. ಅವತ್ತು ಮಳೆ ನಿಂತು ತೆಳ್ಳಗೆ ಬಿಸಿಲಿತ್ತು, ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಕರಗದೆ ಉಳಿದ ಸ್ನೋ ಕಪ್ಪಾಗಿ ಕೂತಿತ್ತು. ಬೇವಿನ ಹೂವು ಎಲ್ಲಿಂದ ತರುವುದು? ಬೇವಿನ ಪುಡಿಯನ್ನೇ ಬೆಲ್ಲಕ್ಕೆ ಕಲಸಿದ್ದೆವು. ಹಾಲಿನ ತುಂಬಾ ರೇಷ್ಮೆ ಸೀರೆ ಮತ್ತು ಸ್ನೋ ಬೂಟು. ಕೆಲಸ ಕಳೆದುಕೊಂಡವರೇ ಅರ್ಧ ಜನ, ಆದರೂ ಹಿಂದೆಂದೂ ಅಷ್ಟು ಮಂದಿ ಸೇರಿರಲಿಲ್ಲ, ಅಷ್ಟು ನಕ್ಕಿರಲಿಲ್ಲ. ಬೇರೆ ವರ್ಷ ಗಾಯಕರಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದೆವು. ಈ ಸಲ ಒಬ್ಬರು ಒಬ್ಬಟ್ಟು ತಟ್ಟಿದರು, ಒಬ್ಬರು ಕುರ್ಚಿ ಜೋಡಿಸಿದರು, ಮಕ್ಕಳ ಡ್ಯಾನ್ಸಿನ ಸಿಡಿ ನಿಂತುಹೋದಾಗ ಅಮ್ಮಂದಿರೇ ಹಾಡಿದರು.

ಸನ್ಮಾನದ ಹೊತ್ತಾಯಿತು. ಅಂಕಲ್ ಕೋಟು, ಟೈ ಹಾಕಿ ವೇದಿಕೆಯ ಕುರ್ಚಿಯಲ್ಲಿ ಕೂತರು. ಮೀರಾ ಮುಂದಿನ ಸಾಲಿನಲ್ಲಿ ಕ್ಯಾಮೆರಾ ಹಿಡಿದಿದ್ದಳು. ಶೆಟ್ಟರು ಒಂದು ಕೈಯಲ್ಲಿ ಪೇಟ, ಇನ್ನೊಂದು ತೋಳಿನ ಮೇಲೆ ಶಾಲು ಹಾಕಿಕೊಂಡು ನನ್ನ ಮುಖ ನೋಡಿದರು. ನಾನು ಅಂಕಲ್ ಮುಖ ನೋಡಿದೆ. ಅವರು ಮೊಮ್ಮಗಳನ್ನು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಒಂದೇ ಒಂದು ಸಲ ತಲೆಯಾಡಿಸಿದರು.

ಮೈಕ್ ಹಿಡಿದೆ. "ಫ್ಲೈಯರಿನಲ್ಲಿ ಒಂದು ತಪ್ಪಾಗಿದೆ. ತಪ್ಪು ಪೂರ್ತಿ ನಂದು. ಅಂಕಲ್ ನನಗೆ ಹಾಗೆ ಹೇಳಿರಲಿಲ್ಲ, ನಾನೇ ಕೇಳದೆ ಬರೆದೆ. ಅವರ ತಂದೆ ಏನಾಗಿದ್ದರು ಅಂತ ಅವರೇ ಹೇಳ್ತಾರೆ" ಅಂತ ಹೇಳಿ ಮೈಕನ್ನು ಅವರ ಕೈಗಿಟ್ಟೆ.

ಅವರು ಹೆಚ್ಚು ಮಾತಾಡಲಿಲ್ಲ. "ನಮ್ಮಪ್ಪ ಹೋರಾಟ ಮಾಡಿದಾಂವಲ್ಲ. ಊರ ಚೌಧರಿ. ಜಪಾನಿ ಮಂದಿ ಹತ್ತು ಆಳು ಕೇಳಿದ್ರ ಹತ್ತು ಆಳು ಕೊಟ್ಟಾಂವ. ಯಾರನ್ನ ಕಳಸೂದು ಅಂತ ಅವ ಹೇಳತಿದ್ದ, ನಾ ಬರೀತಿದ್ದೆ. ಕೊಡಲಿಲ್ಲಂದ್ರ ಊರ ಸುಡತಿದ್ರು ಅಂತ ಅವ ಅಂತಿದ್ದ. ಅದು ಖರೇನೋ ಏನೋ, ಸುಟ್ಟು ನೋಡಿದವರು ಯಾರೂ ಇಲ್ಲ. ಕಡೀಗೆ ಒಂದು ದಿವಸ ಕೊಡೂದಿಲ್ಲ ಅಂದ, ಬಡಿಸಿಕೊಂಡ. ನಾ ಅವನ ಮಗ. ಇಷ್ಟ ನೋಡ್ರಿ."

ಮೀರಾಳ ಕ್ಯಾಮೆರಾ ತೊಡೆಯ ಮೇಲಿಳಿದಿತ್ತು. ಅವಳ ಮುಖ ಕೆಂಪಾಗಿತ್ತು, ಪಕ್ಕದಲ್ಲಿದ್ದ ಶೈಲಾ ಅವಳ ಕೈ ಹಿಡಿಯಲು ಹೋದರೆ ಕೊಸರಿಕೊಂಡಳು. ಎದ್ದಳು. ಹೊರಟೇ ಹೋದಳು ಅಂದುಕೊಂಡೆ. ಅಂಕಲ್ ಕೂಡ ಹಾಗೇ ಅಂದುಕೊಂಡಿರಬೇಕು, ಕಣ್ಣು ಮುಚ್ಚಿದರು.

ಅವಳು ನಿಂತಲ್ಲಿಂದಲೇ ಕೇಳಿದಳು. "ಅಜ್ಜಾ, ಡಿಡ್ ಎವ್ರಿಬಡಿ ಕಮ್ ಬ್ಯಾಕ್?"

ಅಂಕಲ್‌ಗೆ ಅಷ್ಟು ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. "ಇಲ್ಲ" ಅಂದರು. "ಒಬ್ಬಾಂವ ಬರಲಿಲ್ಲ. ಅದನ್ನ ಇಲ್ಲೆ ಮೈಕಿನ್ಯಾಗ ಹೇಳೂದಿಲ್ಲವಾ. ನಿನಗ ಹೇಳ್ತೇನಿ. ನೀ ಕೇಳತೀನಂದ್ರ."

ಮೀರಾ ನಿಂತೇ ಇದ್ದಳು. ಶೆಟ್ಟರಿಗೆ ಪಾಪ ಏನು ಮಾಡಬೇಕೋ ತಿಳಿಯದೆ, ಮೈಕಿಗೆ ಕೇಳುವ ಹಾಗೆಯೇ, "ಈಗ ಶಾಲು ಹಾಕುದಾ ಬೇಡ್ವಾ ಅಂಕಲ್?" ಅಂದುಬಿಟ್ಟರು.

"ಹಾಕ್ರಿ, ಹಾಕ್ರಿ. ಥಂಡಿ ಭಾಳ ಅದ" ಅಂದರು ಅಂಕಲ್. "ಪೇಟಾ ಬ್ಯಾಡ. ಶಾಲು ಸಾಕು. ಚೌಧರಿ ಮಗಗ ಹಾಕ್ರಿ."

ಯಾರೋ ಒಬ್ಬರು ನಕ್ಕರು, ನಕ್ಕವರೇ ಚಪ್ಪಾಳೆ ಶುರು ಮಾಡಿದರು. ಹೋರಾಟಗಾರರಿಗೆ ತಟ್ಟುವ ಗುಡುಗಿನ ಚಪ್ಪಾಳೆಯಲ್ಲ, ಮನೆಯವರಿಗೆ ತಟ್ಟುವಂಥದ್ದು. ಎರಡನೇ ಸಾಲಿನಲ್ಲಿದ್ದ ಮೇಯರಿಗೆ ಗಿರೀಶ ಪಿಸುಗುಟ್ಟಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆ ಮನುಷ್ಯ ತಲೆ ತಗ್ಗಿಸಿ ಕೇಳಿ, ತಾವೂ ಚಪ್ಪಾಳೆ ತಟ್ಟಿದರು. ನನಗೆ ಆಗ ಅಳು ಬಂತು ನೋಡಿ. ಕೆಲಸ ಹೋದಾಗ ಬಾರದ ಅಳು, ಅಷ್ಟೂ ಸೇರಿ.

ಕಣ್ಣು ಒರೆಸಿಕೊಂಡು ಊಟ ಬಡಿಸಲು ನಿಂತೆ. ಸಾರು, ಕೋಸಂಬರಿ, ಚಿತ್ರಾನ್ನ, ಗಲಾಟೆಯೋ ಗಲಾಟೆ. ಎಷ್ಟೋ ಹೊತ್ತಿನ ಮೇಲೆ ಶೈಲಾ ಬಂದು, "ಅಪ್ಪ ಎಲ್ಲಿ? ಮೀರಾನೂ ಕಾಣ್ತಿಲ್ಲ" ಅಂದಳು. ಅವಳ ದನಿಯಲ್ಲಿ ಭಯವಿತ್ತು. ನಾನು ಅಡುಗೆಕೋಣೆಯ ಹಿಂದಿನ ಬಾಗಿಲು ತೆರೆದೆ.

ಇಬ್ಬರೂ ಹೊರಗಿನ ಬೆಂಚಿನ ಮೇಲೆ ಬಿಸಿಲಿಗೆ ಕೂತಿದ್ದರು. ನಡುವೆ ಮೊಳದಷ್ಟು ಜಾಗ. ಅಂಕಲ್ ಒಂದು ಕಡ್ಡಿ ಹಿಡಿದು ಒದ್ದೆ ಮಣ್ಣಿನಲ್ಲಿ ಗೆರೆ ಎಳೆಯುತ್ತಿದ್ದರು. ಇದು ಸಮುದ್ರ, ಇದು ಗದ್ದೆ, ಇದು ಬಾವಿ, ಇದು ನಮ್ಮ ಮನಿ. ಮೀರಾ ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, ಅವರು ಹುಬ್ಬಳ್ಳಿ ಕನ್ನಡದಲ್ಲಿ ಹೇಳುತ್ತಿದ್ದರು. ಶೈಲಾ ಬಾಗಿಲಲ್ಲೇ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಎರಡು ತಟ್ಟೆಗೆ ಒಬ್ಬಟ್ಟು ಹಾಕಿ, ಮೇಲೆ ತುಪ್ಪ ಬಿಟ್ಟು ತೆಗೆದುಕೊಂಡು ಹೋದೆ.

"ಬಿಸಿ ಇದೆ ಅಂಕಲ್, ಆರಿ ಹೋಗತ್ತೆ."

"ಇಡವಾ ಅಲ್ಲೆ" ಅಂದರು ಅವರು, ಕಡ್ಡಿಯಿಂದ ಕಣ್ಣು ತೆಗೆಯದೆ. "ಇನ್ನೂ ಲಕ್ಷ್ಮಣನ ಮನೀಗೆ ಹೋಗಿಲ್ಲ ನಾವು."

ಮೀರಾ ನನ್ನ ಕಡೆ ನೋಡಲೂ ಇಲ್ಲ. ತಟ್ಟೆ ಎರಡನ್ನೂ ಇಸಿದುಕೊಂಡು ಬೆಂಚಿನ ಆ ತುದಿಗಿಟ್ಟು, ಅಜ್ಜನ ಹತ್ತಿರಕ್ಕೆ ಸರಿದು ಕೂತಳು.